ಚಾಮರಾಜಪುರಂ ಸ್ಟೇಷನ್ನಿನ ಒಂದು ಹಳೇ ರಟ್ಟಿನ ಟಿಕೆಟ್: ಗೊತ್ತಿರುವವರು ಸ್ವಲ್ಪ ಹೇಳಿ

ಜೆಎಲ್‌ಬಿ ರಸ್ತೆ
ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು, ಕೃಷ್ಣಮೂರ್ತಿಪುರಂ. ಹೋದ ತಿಂಗಳು ಅಪ್ಪನ ಕಬ್ಬಿಣದ ಟ್ರಂಕು ಖಾಲಿ ಮಾಡುವಾಗ ಒಂದು ರಟ್ಟಿನ ರೈಲು ಟಿಕೆಟ್ ಸಿಕ್ಕಿತು. ಕಂದು ಬಣ್ಣ, ಬೆರಳುದ್ದ, ಒಳ್ಳೇ ದಪ್ಪ. ಚಾಮರಾಜಪುರಂನಿಂದ ನಂಜನಗೂಡು ಟೌನ್‌ಗೆ. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಅಚ್ಚಾಗಿದೆ. ಬೆಲೆ ಇರುವ ಜಾಗ ಉಜ್ಜಿ ಹೋಗಿದೆ. ತಾರೀಖು ಒತ್ತಿರುವುದು ಓರೆ ಹಿಡಿದು ನೋಡಿದರೆ ಕಾಣುತ್ತೆ, ಜೂನ್ 82. ಅಪ್ಪ ನಂಜನಗೂಡಿನಲ್ಲಿ ಕೆಲಸ ಮಾಡುತ್ತಿದ್ದರು, ಸುಮಾರು ಇಪ್ಪತ್ತು ವರ್ಷ ಅದೇ ಸ್ಟೇಷನ್ನಿನಿಂದ ಹೋಗಿ ಬಂದವರು. ಈಗ ಅವರಿಲ್ಲ. ನನ್ನ ಮಗಳು ದಿನಾ ಆ ಸ್ಟೇಷನ್ ಪಕ್ಕದಲ್ಲೇ ಸ್ಕೂಲಿಗೆ ಹೋಗುತ್ತಾಳೆ, ಅಲ್ಲಿ ರೈಲು ನಿಲ್ಲುತ್ತೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಸರಿಯಾಗಿ ಹೇಳಬೇಕು ಅಂತ ಆಸೆ. ಮೈಸೂರು ಜಂಕ್ಷನ್ನಿಂದ ಬರೀ ಎರಡು ಕಿಲೋಮೀಟರ್ ದೂರದಲ್ಲಿ ಇನ್ನೊಂದು ಸ್ಟೇಷನ್ ಯಾಕೆ? ಈ ಲೈನು ಯಾವ ಕಾಲದ್ದು? ಈ ಟಿಕೆಟ್ ಬಗ್ಗೆ ಏನಾದರೂ ಹೇಳಬಹುದಾ?

ಒಂಟಿಕೊಪ್ಪಲ್
ಚೆನ್ನಾಗಿದೆ ಮೇಡಂ. ಫೋಟೋ ಹಾಕಿ.

ಮೀಟರ್ ಗೇಜ್
ಲೈನಿನ ವಿಷಯ ನಾನು ಹೇಳುತ್ತೇನೆ. ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದಿದ್ದು 1882ರಲ್ಲಿ. ಅಲ್ಲಿಂದ ನಂಜನಗೂಡಿಗೆ ಮುಂದುವರಿದಿದ್ದು 1891ರಲ್ಲಿ. ಚಾಮರಾಜನಗರದ ತನಕ ಹೋಗಿದ್ದು 1926ಕ್ಕೆ. ನಡುವೆ 35 ವರ್ಷ ನಂಜನಗೂಡೇ ಕೊನೇ ಸ್ಟಾಪು. ಎಲ್ಲಾ ಮೀಟರ್ ಗೇಜು, ಅಂದರೆ ಎರಡು ಹಳಿ ನಡುವೆ ಒಂದೇ ಮೀಟರ್ ಅಂತರ. ಬ್ರಾಡ್ ಗೇಜಿನಲ್ಲಿ ಅದು 1676 ಮಿಲಿಮೀಟರ್.

ಸ್ಟೇಷನ್ ಯಾಕೆ ಅಂದರೆ, ಆ ಕಾಲಕ್ಕೆ ಎರಡು ಕಿಲೋಮೀಟರ್ ನಡೆಯುವ ದಾರಿ. ಜಂಕ್ಷನ್ ಊರಿನ ಒಂದು ತುದಿಯಲ್ಲಿದೆ. ಅಗ್ರಹಾರ, ಕೃಷ್ಣಮೂರ್ತಿಪುರಂ, ಚಾಮರಾಜಪುರಂ ಕಡೆಯವರಿಗೆ ಮನೆ ಹಿಂದೆಯೇ ಹಳಿ ಇತ್ತು. ಗಂಟು ಮೂಟೆ ಹೊತ್ತುಕೊಂಡು ಜಂಕ್ಷನ್ ತನಕ ಯಾರು ಹೋಗುತ್ತಾರೆ?

ನಂಜನಗೂಡು ಕಪಿಲೆ
ಈ ಲೈನು ವಿಶ್ವೇಶ್ವರಯ್ಯನವರು ಮಾಡಿಸಿದ್ದು ಅಂತ ನಮ್ಮ ತಾತ ಹೇಳುತ್ತಿದ್ದರು.

ಮೀಟರ್ ಗೇಜ್
ಅಲ್ಲ ಸರ್. 1891ರಲ್ಲಿ ವಿಶ್ವೇಶ್ವರಯ್ಯನವರು ಬೊಂಬಾಯಿ ಪ್ರಾಂತ್ಯದಲ್ಲಿ ಇಂಜಿನಿಯರ್ ಆಗಿದ್ದರು. ಅವರು ದಿವಾನರಾಗಿದ್ದು 1912ರಿಂದ 1918. ಅವರ ಕಾಲದಲ್ಲಿ ಬಂದಿದ್ದು ಮೈಸೂರು ಅರಸೀಕೆರೆ ಲೈನು. ನಂಜನಗೂಡು ಲೈನು ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗಿನದು. ಬೆಂಗಳೂರು ಮೈಸೂರು ಲೈನಿನ ಮಾತು ಬಂದರೆ 1876-78ರ ಬರಗಾಲ ನೆನೆಯಬೇಕು, ದಿವಾನ ರಂಗಾಚಾರ್ಲು ಅವರನ್ನೂ ನೆನೆಯಬೇಕು. ಅನ್ನ ಇದ್ದ ಊರಿಂದ ಅನ್ನ ಇಲ್ಲದ ಊರಿಗೆ ಸಾಗಿಸಲಾಗದೆ ಜನ ಸತ್ತರು. ಆಮೇಲೆ ರೈಲು ಬೇಕೇ ಬೇಕು ಅಂತಾಯಿತು.

ನಂಜನಗೂಡು ಕಪಿಲೆ
ಸರಿ, ತಿದ್ದಿಕೊಂಡೆ. ಎಲ್ಲಾ ಒಳ್ಳೇ ಕೆಲಸವನ್ನೂ ಅವರ ಹೆಸರಿಗೆ ಬರೆಯುವುದು ನಮ್ಮ ಕಡೆ ಅಭ್ಯಾಸ. ಶೇಷಾದ್ರಿ ಅಯ್ಯರ್ ಹೆಸರು ಮೈಸೂರಿನಲ್ಲಿ ಯಾರೂ ಎತ್ತುವುದೇ ಇಲ್ಲ, ಅದು ಬೇಜಾರಿನ ವಿಷಯ.

ಕನ್ನಡ ಕಾಗುಣಿತ
ಒಂದು ಪ್ರಶ್ನೆ. ಬೋರ್ಡಿನಲ್ಲಿ "ಚಾಮರಾಜಪುರಂ" ಅಂತ ಯಾಕೆ? ಕನ್ನಡದಲ್ಲಿ "ಪುರ" ಅಲ್ವಾ? ಈ "ಅಂ" ತಮಿಳಿನದು. ಬೋರ್ಡು ಬದಲಾಯಿಸಬೇಕು ಅಂತ ನನ್ನ ಅಭಿಪ್ರಾಯ.

ಅಶೋಕಪುರಂ ಮನೆ
ನಮ್ಮ ಊರಿನ ತಂಟೆಗೆ ಬರಬೇಡಿ ಸರ್. ಮೈಸೂರಿನಲ್ಲಿ ಸರಸ್ವತೀಪುರಂ, ಜಯಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಲಕ್ಷ್ಮೀಪುರಂ, ನಮ್ಮ ಅಶೋಕಪುರಂ. ಎಲ್ಲಾ ಹಾಗೇ. ಇಲ್ಲಿ ಹುಟ್ಟಿ ಬೆಳೆದವರು ಯಾರೂ "ಸರಸ್ವತೀಪುರ" ಅನ್ನುವುದಿಲ್ಲ. ಹಾಗೆ ಅಂದರೆ ಹೊರಗಿನಿಂದ ಬಂದವರು ಅಂತ ಗೊತ್ತಾಗುತ್ತೆ.

ಒಂಟಿಕೊಪ್ಪಲ್
"ಪುರಂ" ಸಂಸ್ಕೃತದಲ್ಲೇ ಇರುವ ರೂಪ. ತಮಿಳಿನಿಂದಲೇ ಬರಬೇಕು ಅಂತೇನಿಲ್ಲ. ಇದನ್ನು ಬೇರೆ ಕಡೆ ಚರ್ಚೆ ಮಾಡೋಣ, ಅಕ್ಕ ಕೇಳಿದ್ದು ಟಿಕೆಟ್ ಬಗ್ಗೆ.

ಕನ್ನಡ ಕಾಗುಣಿತ
ಒಪ್ಪಿದೆ ಅಂತ ಅಲ್ಲ, ಆದರೆ ಇಲ್ಲಿಗೆ ನಿಲ್ಲಿಸುತ್ತೇನೆ.

ಚಾನಗರ ಎಕ್ಸ್‌ಪ್ರೆಸ್
ಹೆಸರಿನ ಗೊಂದಲ ಇನ್ನೊಂದಿದೆ. ಬೆಂಗಳೂರಿನ ನಮ್ಮ ಚಿಕ್ಕಮ್ಮ ಒಂದು ಸಲ ಚಾಮರಾಜನಗರಕ್ಕೆ ಬರಬೇಕಾದವರು ಚಾಮರಾಜಪುರಂನಲ್ಲಿ ಇಳಿದುಬಿಟ್ಟರು. ಕತ್ತಲಾಗಿತ್ತು, ಬೋರ್ಡಿನಲ್ಲಿ "ಚಾಮರಾಜ" ತನಕ ಓದಿ ಇಳಿದಿದ್ದಾರೆ. ಮುಂದಿನ ಗಾಡಿ ಇರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಹೂ ಕಟ್ಟುತ್ತಾ ಕೂತಿದ್ದ ಒಬ್ಬ ಅಜ್ಜಿ ಅವರನ್ನು ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿ, ಬೆಳಿಗ್ಗೆ ಬಸ್ಸು ಹತ್ತಿಸಿದರು. ಚಿಕ್ಕಮ್ಮ ಇವತ್ತಿಗೂ ಆ ಅಜ್ಜಿ ಮನೆಯ ಹುರುಳಿಕಾಳು ಸಾರಿನ ಬಗ್ಗೆ ಹೇಳುತ್ತಾರೆ.

ಅಂದ ಹಾಗೆ ನಮ್ಮ ಊರಿನ ಹಳೇ ಹೆಸರು ಅರಿಕುಠಾರ. ಖಾಸಾ ಚಾಮರಾಜ ಒಡೆಯರು ಹುಟ್ಟಿದ ಊರು. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ನೆನಪಿಗೆ ಚಾಮರಾಜನಗರ ಅಂತ ಹೆಸರಿಟ್ಟರು. ಬೆಂಗಳೂರಿನ ಚಾಮರಾಜಪೇಟೆ ಬೇರೆ ಚಾಮರಾಜರದ್ದು.

ನಿವೃತ್ತ ಗಾರ್ಡ್
ಟಿಕೆಟ್ ಬಗ್ಗೆ ನಾನು ಹೇಳಬಲ್ಲೆ. ಇದಕ್ಕೆ ಎಡ್ಮಂಡ್ಸನ್ ಟಿಕೆಟ್ ಅಂತ ಹೆಸರು. ಇಂಗ್ಲೆಂಡಿನ ಥಾಮಸ್ ಎಡ್ಮಂಡ್ಸನ್ ಅನ್ನುವ ಸ್ಟೇಷನ್ ಮಾಸ್ಟರ್ ಕಂಡುಹಿಡಿದಿದ್ದು. ಅದಕ್ಕೂ ಮೊದಲು ಪ್ರತಿ ಟಿಕೆಟ್ಟನ್ನೂ ಕೈಯಲ್ಲಿ ಬರೆದು ಕೊಡುತ್ತಿದ್ದರು. ಅಳತೆ ಎಲ್ಲಾ ಕಡೆ ಒಂದೇ, 57 ಮಿಲಿಮೀಟರ್ ಉದ್ದ, 30 ಅಗಲ. ನೀವು ಅಳತೆ ಹಿಡಿದು ನೋಡಿ.

ಕೌಂಟರಿನ ಒಳಗೆ ಮರದ ಕಪಾಟು ಇರುತ್ತಿತ್ತು. ಒಂದೊಂದು ಊರಿಗೂ ಒಂದೊಂದು ಉದ್ದನೆಯ ಗೂಡು. ಟಿಕೆಟ್ಟು ಒಂದರ ಮೇಲೊಂದು ಜೋಡಿಸಿರುತ್ತಿದ್ದರು, ಕೆಳಗಿನಿಂದ ಎಳೆಯುವುದು. ಪ್ರತಿ ಟಿಕೆಟ್ಟಿಗೂ ಕ್ರಮಸಂಖ್ಯೆ. ಸಂಜೆ ಲೆಕ್ಕ ಹಾಕುವಾಗ ಆಗಿನ ನಂಬರಿನಿಂದ ಬೆಳಿಗ್ಗೆಯ ನಂಬರ್ ಕಳೆದರೆ ಎಷ್ಟು ಮಾರಾಟ ಆಯಿತು ಅಂತ ಗೊತ್ತಾಗುತ್ತಿತ್ತು. ಕೊಡುವ ಮೊದಲು ತಾರೀಖಿನ ಮೆಷಿನ್ನಿಗೆ ಹಾಕಿ ಒತ್ತುತ್ತಿದ್ದರು. ಟಕ್ ಅಂತ ಒಂದು ಶಬ್ದ. ನನ್ನ ಸರ್ವಿಸಿನಲ್ಲಿ ಎಷ್ಟು ಸಾವಿರ ಸಲ ಕೇಳಿದ್ದೇನೋ. ಚಿಕ್ಕ ಮಕ್ಕಳ ಟಿಕೆಟ್ ಆದರೆ ಮೂಲೆ ಕತ್ತರಿಸಿ ಕೊಡುತ್ತಿದ್ದರು.

ನಿಮ್ಮದರಲ್ಲಿ ಅಂಚಿನಲ್ಲಿ ಕಚ್ಚಿದ ಗುರುತು ಇದೆಯಾ ನೋಡಿ ಮೇಡಂ. ಟಿಟಿ ಕೈಯಲ್ಲಿ ಇಕ್ಕಳದಂಥ ಒಂದು ಪಂಚ್ ಇರುತ್ತಿತ್ತು.

ಜೆಎಲ್‌ಬಿ ರಸ್ತೆ
ಅಳತೆ ಸರಿಯಾಗಿ ಅಷ್ಟೇ ಇದೆ ಸರ್! ಸ್ಕೇಲ್ ಹಿಡಿದವಳು ಮಗಳೇ. ಕಚ್ಚಿದ ಗುರುತು ಎಲ್ಲೂ ಇಲ್ಲ. ನಾಲ್ಕೂ ಅಂಚು ಪೂರ್ತಿ ಇದೆ. ಮೂಲೆಯಲ್ಲಿ ಮಾತ್ರ ಸ್ವಲ್ಪ ಮೆತ್ತಗಾಗಿದೆ, ಜೇಬಿನಲ್ಲಿ ಇಟ್ಟುಕೊಂಡ ಹಾಗೆ.

ದಿನಾ ಪಾಸು
ಹಾಗಾದರೆ ಆ ಟಿಕೆಟ್‌ನಲ್ಲಿ ಯಾರೂ ಪ್ರಯಾಣ ಮಾಡಿಲ್ಲ.

ಒಂಟಿಕೊಪ್ಪಲ್
ಹಾಗೆ ಹೇಳಕ್ಕಾಗಲ್ಲ. ಪ್ಯಾಸೆಂಜರ್ ಗಾಡಿಯಲ್ಲಿ ದಿನಾ ಚೆಕಿಂಗ್ ಎಲ್ಲಿರುತ್ತಿತ್ತು? ಪಂಚ್ ಇಲ್ಲ ಅಂದ ಮಾತ್ರಕ್ಕೆ ಹೋಗಿಲ್ಲ ಅಂತಲ್ಲ.

ದಿನಾ ಪಾಸು
ಪಂಚ್ ಬಿಡಿ ಸರ್. ಇಳಿದ ಕಡೆ ಗೇಟಿನಲ್ಲಿ ಟಿಕೆಟ್ ಇಸ್ಕೊಳ್ಳುತ್ತಿದ್ದರು, ನೆನಪಿದೆಯಾ? ಆಗಿನ ಟಿಕೆಟ್ಟು ನಮ್ಮ ಹತ್ತಿರ ಉಳಿಯುತ್ತಲೇ ಇರಲಿಲ್ಲ. ನಂಜನಗೂಡು ಟೌನ್ ಅಷ್ಟು ಜನ ಇಳಿಯುವ ಸ್ಟೇಷನ್. ಅಲ್ಲಿ ಕೊಡದೆ ಆಚೆ ಬರುವುದು ಕಷ್ಟ.

ಇನ್ನೂ ಒಂದು ಮಾತು. ನಾನು ಹದಿಮೂರು ವರ್ಷ ಈ ಲೈನಿನಲ್ಲಿ ಓಡಾಡಿದವನು. ದಿನಾ ಹೋಗುವವರು ದಿನಾ ಟಿಕೆಟ್ ತಗೊಳ್ಳಲ್ಲ. ತಿಂಗಳ ಪಾಸು ಮಾಡಿಸುತ್ತಾರೆ. ಅಕ್ಕ, ನಿಮ್ಮ ತಂದೆಯವರ ಹತ್ತಿರ ಪಾಸು ಇದ್ದೇ ಇರುತ್ತೆ. ಅವರು ಈ ಟಿಕೆಟ್ ತಗೊಂಡಿದ್ದು ಯಾಕೆ?

ನಿವೃತ್ತ ಗಾರ್ಡ್
ಒಳ್ಳೇ ಪ್ರಶ್ನೆ. ದಿನಾ ಪಾಸು ಹೇಳಿದ್ದು ಸರಿ. ಆ ಟಿಕೆಟ್ ನಿಮ್ಮ ತಂದೆಯವರದ್ದು ಅಲ್ಲ ಅಂತ ನನಗೂ ಅನಿಸುತ್ತೆ.

ಜೆಎಲ್‌ಬಿ ರಸ್ತೆ
ನಾನು ಇದನ್ನು ಯೋಚನೆ ಮಾಡಿರಲೇ ಇಲ್ಲ. ಟ್ರಂಕಿನಲ್ಲಿ ಅಪ್ಪನ ಪಾಸಿನ ಪ್ಲಾಸ್ಟಿಕ್ ಕವರ್ ಕೂಡ ಇದೆ! ಅಮ್ಮ ಅಕ್ಕನ ಮನೆಗೆ ಹೋಗಿದ್ದಾರೆ, ಭಾನುವಾರ ಬರುತ್ತಾರೆ. ಕೇಳಿ ಹೇಳುತ್ತೇನೆ.

ಫ್ರೀಮಾಂಟ್ ಮೈಸೂರಿಗ
ಕ್ಯಾಲಿಫೋರ್ನಿಯಾದಿಂದ ಓದುತ್ತಿದ್ದೇನೆ, ಇಲ್ಲಿ ರಾತ್ರಿ ಒಂದು ಗಂಟೆ. ನಾನು ಸರಸ್ವತೀಪುರಂನಲ್ಲಿ ಬೆಳೆದವನು. ಬೇಸಿಗೆ ರಜೆಯಲ್ಲಿ ನಾವು ಐದಾರು ಹುಡುಗರು ಸಂಜೆ ಆ ಪ್ಲಾಟ್‌ಫಾರ್ಮಿಗೆ ಹೋಗಿ ಕೂರುತ್ತಿದ್ದೆವು. ಒಂದು ಹಳಿಯ ತುಂಡು ನೇತುಹಾಕಿದ್ದರು, ಅದೇ ಗಂಟೆ. ಕಬ್ಬಿಣದ ಸರಳಿನಿಂದ ಹೊಡೆದರೆ ಶಬ್ದ ಅಗ್ರಹಾರದ ತನಕ ಕೇಳುತ್ತಿತ್ತು. ಗಂಟೆ ಹೊಡೆದ ಮೇಲೆ ದೂರದಲ್ಲಿ ಹೊಗೆ. ಆಮೇಲೆ ಹಳಿ ಸಣ್ಣಗೆ ಗುಂಯ್ ಅನ್ನುವುದು. ಆಮೇಲೆ ಇಂಜಿನ್ನು. ಬಂದು ನಿಂತಾಗ ಬಿಸಿ ಎಣ್ಣೆ, ಕಲ್ಲಿದ್ದಲು, ಒದ್ದೆ ಕಬ್ಬಿಣ ಎಲ್ಲಾ ಸೇರಿದ ಒಂದು ವಾಸನೆ. ಕಲ್ಲಿದ್ದಲ ಪುಡಿ ಕಣ್ಣಿಗೆ ಬಿದ್ದು ಅಮ್ಮನ ಸೆರಗಿನ ತುದಿಯಿಂದ ತೆಗೆಸಿಕೊಂಡಿದ್ದು ಎಷ್ಟು ಸಲವೋ.

ಮೀಟರ್ ಗೇಜ್
ಅವು ವೈಪಿ ಅನ್ನುವ ಮೀಟರ್ ಗೇಜ್ ಹಬೆ ಇಂಜಿನ್ನುಗಳು. ಜಮ್‌ಶೆಡ್‌ಪುರದ ಟೆಲ್ಕೋದಲ್ಲಿ ತಯಾರಾಗುತ್ತಿದ್ದವು. ಹಬೆ ಇಂಜಿನ್ ನೋಡಬೇಕು ಅಂದರೆ ಈಗ ಸಿಎಫ್‌ಟಿಆರ್‌ಐ ಎದುರಿನ ರೈಲ್ವೆ ಮ್ಯೂಸಿಯಂಗೆ ಹೋಗಿ. 1979ರಲ್ಲಿ ಶುರುವಾಗಿದ್ದು. ಮಹಾರಾಣಿಯವರ ಸಲೂನ್ ಅಲ್ಲಿದೆ, 1899ರದ್ದು, ಒಳಗೆ ಅಡಿಗೆ ಮನೆ, ಊಟದ ಕೋಣೆ ಎಲ್ಲಾ ಇದೆ.

ಅಶೋಕಪುರಂ ಮನೆ
ನಮ್ಮ ಕಡೆಯ ರೈಲ್ವೆ ವರ್ಕ್‌ಶಾಪ್ ಮರೆಯಬೇಡಿ. 1924ರದ್ದು, ಮೈಸೂರು ಸ್ಟೇಟ್ ರೈಲ್ವೆ ಕಟ್ಟಿಸಿದ್ದು. ನನ್ನ ತಾತ ಅಲ್ಲಿ ಫಿಟ್ಟರ್. ಬೆಳಿಗ್ಗೆ ಸೈರನ್ ಆದರೆ ನಮ್ಮ ಬೀದಿಯಲ್ಲಿ ಗಡಿಯಾರ ನೋಡುವ ಅಗತ್ಯವೇ ಇರಲಿಲ್ಲ. ಅವರ ಕೈ ನಾನು ಮರೆಯಲ್ಲ. ಹೆಬ್ಬೆರಳಿನ ಉಗುರು ಕಪ್ಪು, ಎಷ್ಟು ತೊಳೆದರೂ ಹೋಗದ ಗ್ರೀಸು. ರಾಜರ ಸಲೂನ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ಗಾಡಿ ಓಡಿಸಿದ್ದು ಇಂಥವರು.

ಮೀಟರ್ ಗೇಜ್
ನೂರಕ್ಕೆ ನೂರು ಸರಿ. 1919ರ ತನಕ ಬೇರೆ ಕಂಪನಿ ಕೈಯಲ್ಲಿದ್ದ ಲೈನುಗಳನ್ನು ಸಂಸ್ಥಾನ ವಾಪಸ್ ತಗೊಂಡ ಮೇಲೆ ತಮ್ಮದೇ ವರ್ಕ್‌ಶಾಪ್ ಬೇಕಾಯಿತು. 1951ರಲ್ಲಿ ಮೈಸೂರು ಸ್ಟೇಟ್ ರೈಲ್ವೆ ಸದರ್ನ್ ರೈಲ್ವೆಗೆ ಸೇರಿತು. ನಮ್ಮ ನೈಋತ್ಯ ರೈಲ್ವೆ ಆಗಿದ್ದು 2003ರಲ್ಲಿ. ಇಷ್ಟೆಲ್ಲಾ ಹೆಸರು ಬದಲಾದರೂ ವರ್ಕ್‌ಶಾಪ್ ಅಲ್ಲೇ ಇದೆ.

ನಂಜನಗೂಡು ಕಪಿಲೆ
ಈ ಲೈನಿನ ನಿಜವಾದ ಚೆಂದ ನೋಡಬೇಕು ಅಂದರೆ ನಮ್ಮ ಊರಿನ ದೊಡ್ಡ ಜಾತ್ರೆಗೆ ಬರಬೇಕಿತ್ತು. ಐದು ತೇರು. ಮೈಸೂರಿನಿಂದ ಬರುವ ಗಾಡಿಯಲ್ಲಿ ಒಳಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ, ಬಾಗಿಲಿನ ಕಂಬಿ ಹಿಡಿದು ನೇತಾಡಿಕೊಂಡು ಬರುತ್ತಿದ್ದರು. ಗಾಡಿ ಸೇತುವೆ ಮೇಲೆ ಬಂದ ತಕ್ಷಣ ಗೋಪುರ ಕಾಣುತ್ತೆ, ಎಲ್ಲರೂ ಒಟ್ಟಿಗೆ ಕೈ ಮುಗಿಯುತ್ತಿದ್ದರು. ಕಿಟಕಿಯಿಂದ ಹೊಳೆಗೆ ಕಾಸು ಹಾಕುತ್ತಿದ್ದರು. ನಾವು ಹುಡುಗರು ಕೆಳಗೆ ನೀರಿನಲ್ಲಿ ಕಾಯುತ್ತಿದ್ದೆವು.

ಚಾನಗರ ಎಕ್ಸ್‌ಪ್ರೆಸ್
ಆ ಬ್ರಿಟಿಷರ ಸೇತುವೆ ಈಗಲೂ ಇದೆಯಾ?

ನಂಜನಗೂಡು ಕಪಿಲೆ
ಬ್ರಿಟಿಷರದ್ದು ಅಂತ ಯಾರು ಹೇಳಿದರು? 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ್ದು. ಆಗ ಬ್ರಿಟಿಷರಿಗೆ ಮೈಸೂರು ಎಲ್ಲಿದೆ ಅಂತ ಗೊತ್ತಿತ್ತೋ ಇಲ್ಲವೋ. ಎತ್ತಿನ ಗಾಡಿಗೆ ಅಂತ ಕಟ್ಟಿದ ಕಲ್ಲಿನ ಸೇತುವೆ. ಒಂದೂವರೆ ನೂರು ವರ್ಷ ಆದ ಮೇಲೆ ಅದರ ಮೇಲೆಯೇ ಹಳಿ ಹಾಕಿ ರೈಲು ಬಿಟ್ಟರು. ಒಂದು ಕಡೆ ರಸ್ತೆ, ಪಕ್ಕದಲ್ಲೇ ರೈಲು. ಗೇಜ್ ಬದಲಾಗುವ ತನಕ ಅದರ ಮೇಲೆ ಗಾಡಿ ಓಡಿದೆ. ಈಗ ಪಕ್ಕದಲ್ಲಿ ಹೊಸ ಸೇತುವೆ. ಹಳೇದು ಗಟ್ಟಿಯಾಗಿ ನಿಂತಿದೆ.

ಚಾನಗರ ಎಕ್ಸ್‌ಪ್ರೆಸ್
ತಪ್ಪಾಯಿತು. ಇಷ್ಟು ವರ್ಷ ಅದರ ಮೇಲೆ ಓಡಾಡಿದ್ದೇನೆ, ಗೊತ್ತಿರಲಿಲ್ಲ.

ದಿನಾ ಪಾಸು
ಈಗಿನ ವಿಷಯಕ್ಕೆ ಬರೋಣ. ಬ್ರಾಡ್ ಗೇಜ್ ಆಗಿ ರೈಲು ಮತ್ತೆ ಶುರುವಾಗಿ ಇಷ್ಟು ವರ್ಷ ಆಯಿತು. ಅಶೋಕಪುರಂನಲ್ಲಿ ಪ್ಲಾಟ್‌ಫಾರ್ಮ್ ಜಾಸ್ತಿ ಮಾಡಿದರು, ಬೆಂಗಳೂರಿನ ಕೆಲವು ಗಾಡಿ ಅಲ್ಲಿ ತನಕ ಬರುತ್ತವೆ. ಸಂತೋಷ. ಆದರೆ ಚಾಮರಾಜಪುರಂ ಊರಿನ ಹೊಟ್ಟೆಯಲ್ಲಿದೆ. ಬಲ್ಲಾಳ್ ಸರ್ಕಲ್ಲಿಗೆ ನಡೆದು ಹೋಗಬಹುದು. ಬೆಂಗಳೂರು ಗಾಡಿಗಳೆಲ್ಲಾ ಇಲ್ಲಿ ಒಂದು ನಿಮಿಷ ನಿಂತರೆ ಎಷ್ಟು ಜನರಿಗೆ ಆಟೋ ಖರ್ಚು ಉಳಿಯುತ್ತೆ? ನಾವೆಲ್ಲಾ ಸೇರಿ ಒಂದು ಮನವಿ ಕೊಡೋಣ.

ಮೀಟರ್ ಗೇಜ್
ಒಂದು ನಿಮಿಷ ನಿಲ್ಲಿಸುವುದು ಅಂದರೆ ಒಂದೇ ನಿಮಿಷ ಅಲ್ಲ ಅಣ್ಣ. ವೇಗ ಇಳಿಸಬೇಕು, ನಿಲ್ಲಬೇಕು, ಮತ್ತೆ ವೇಗ ಹಿಡಿಯಬೇಕು. ನಾಲ್ಕು ನಿಮಿಷ ಹೋಗುತ್ತೆ. ಇದು ಒಂಟಿ ಹಳಿ. ಒಂದು ಗಾಡಿ ತಡವಾದರೆ ಎದುರಿನ ಗಾಡಿ ಮುಂದಿನ ಸ್ಟೇಷನ್ನಿನಲ್ಲಿ ಕಾಯಬೇಕು. ಕುಕ್ಕರಹಳ್ಳಿ ಗೇಟು ಅಷ್ಟು ಹೊತ್ತು ಜಾಸ್ತಿ ಮುಚ್ಚಿರುತ್ತೆ, ಆಗ ಕೌಟಿಲ್ಯ ಸರ್ಕಲ್ ತನಕ ಗಾಡಿಗಳ ಸಾಲು. ಉದ್ದ ಗಾಡಿಗೆ ಪ್ಲಾಟ್‌ಫಾರ್ಮೂ ಸಾಲದು.

ದಿನಾ ಪಾಸು
ಪ್ಲಾಟ್‌ಫಾರ್ಮ್ ಸಾಲದಿದ್ದರೆ ಉದ್ದ ಮಾಡಲಿ. ಬೆಂಗಳೂರು ಮೈಸೂರು ಜೋಡಿ ಹಳಿಗೆ ಅಡ್ಡ ಬಂತು ಅಂತ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನ ಮನೆಯನ್ನೇ ಬುಡಸಮೇತ ಎತ್ತಿ ಜರುಗಿಸಿದರು, 2017ರಲ್ಲಿ. ಸಾವಿರ ಟನ್ ತೂಕ. ಅದು ಆಗುತ್ತೆ, ನಾಲ್ಕು ಬೋಗಿ ಉದ್ದದ ಪ್ಲಾಟ್‌ಫಾರ್ಮ್ ಆಗಲ್ಲ ಅಂದರೆ ಹೇಗೆ?

ಒಂಟಿಕೊಪ್ಪಲ್
ಒಂದು ಕಡೆ ರಸ್ತೆ, ಇನ್ನೊಂದು ಕಡೆ ಮನೆಗಳು. ಜಾಗ ಎಲ್ಲಿಂದ ತರುತ್ತೀರಿ?

ದಿನಾ ಪಾಸು
ಎಲ್ಲಾ ಗಾಡಿ ಬೇಡ. ಬೆಳಿಗ್ಗೆ ಎರಡು, ಸಂಜೆ ಎರಡು. ಮೆಮು, ಅಂದರೆ ಹತ್ತಿರದ ಊರುಗಳಿಗೆ ಓಡುವ ಕರೆಂಟ್ ಗಾಡಿ, ಅದು ಮಾತ್ರ ಸಾಕು. ನಾನು ಕೇಳುತ್ತಿರುವುದು ನನಗೋಸ್ಕರ ಅಲ್ಲ, ನಾನು ರಿಟೈರ್ ಆಗಿ ಆಯಿತು. ನಂಜನಗೂಡು, ತಾಂಡವಪುರ, ಕಡಕೊಳದ ಫ್ಯಾಕ್ಟರಿಗಳಿಗೆ ಇವತ್ತಿಗೂ ಮೈಸೂರಿನಿಂದ ಸಾವಿರಾರು ಹುಡುಗ ಹುಡುಗಿಯರು ಹೋಗುತ್ತಾರೆ. ಶಿಫ್ಟಿಗೆ ಸರಿಯಾಗಿ ಗಾಡಿ ಇದ್ದರೆ ಎಲ್ಲರೂ ರೈಲಿಗೇ ಬರುತ್ತಾರೆ. ಹತ್ತು ರೂಪಾಯಿ ಟಿಕೆಟ್. ಬೈಕಿನ ಪೆಟ್ರೋಲಿಗೆ ಎಷ್ಟಾಗುತ್ತೆ ನೀವೇ ಲೆಕ್ಕ ಹಾಕಿ. ಆ ನಂಜನಗೂಡು ರೋಡಿನಲ್ಲಿ ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಬೈಕ್ ಓಡಿಸಿಕೊಂಡು ಬರುತ್ತವೆ ಮಕ್ಕಳು. ನನಗೆ ಗೊತ್ತಿದ್ದ ಒಬ್ಬ ಹುಡುಗ ಹಾಗೇ ಹೋದ. ಇಪ್ಪತ್ತಮೂರು ವರ್ಷ.

ಮೀಟರ್ ಗೇಜ್
ಶಿಫ್ಟಿನ ಮಾತು ಒಪ್ಪುತ್ತೇನೆ ಅಣ್ಣ. ಮನವಿ ಬರೆಯುವುದಾದರೆ ಬೆಂಗಳೂರು ಗಾಡಿ ನಿಲ್ಲಿಸಿ ಅಂತ ಬೇಡ, ನಂಜನಗೂಡು ಕಡೆಯ ಪ್ಯಾಸೆಂಜರ್ ಸಮಯ ಶಿಫ್ಟಿಗೆ ಹೊಂದಿಸಿ ಅಂತ ಬರೆಯೋಣ. ಟೈಮ್‌ಟೇಬಲ್ ಹಿಡಿದು ನಾನೇ ಕರಡು ಮಾಡುತ್ತೇನೆ.

ದಿನಾ ಪಾಸು
ಮಾಡಿ. ಸಹಿ ಹಾಕಿಸುವುದು ನನಗೆ ಬಿಡಿ.

ಚಾನಗರ ಎಕ್ಸ್‌ಪ್ರೆಸ್
ನಮ್ಮ ಕಡೆಯದ್ದೂ ಸೇರಿಸಿ. ಚಾಮರಾಜನಗರದಿಂದ ಸತ್ಯಮಂಗಲ ದಾಟಿ ಮೆಟ್ಟುಪಾಳ್ಯಕ್ಕೆ ಲೈನು ಬೇಕು. ನೂರು ವರ್ಷದಿಂದ ನಮ್ಮ ಊರೇ ಕೊನೇ ಸ್ಟೇಷನ್. ಕೊಯಮತ್ತೂರಿಗೆ ಹೋಗಬೇಕು ಅಂದರೆ ಘಾಟಿಯಲ್ಲಿ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಹೋಗಬೇಕು.

ಹಸಿರು ಪೊದೆ
ಆ ಲೈನು ಬೇಡ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಸತ್ಯಮಂಗಲ, ಎರಡೂ ಹುಲಿ ಸಂರಕ್ಷಿತ ಕಾಡು. ಆನೆಗಳು ಅಲ್ಲಿಂದಿಲ್ಲಿಗೆ ದಾಟುವ ದಾರಿ ಅದೇ. ರೈಲಿಗೆ ಸಿಕ್ಕಿ ಸತ್ತ ಆನೆಯನ್ನು ನಾನು ಬೇರೆ ಕಡೆ ಕಣ್ಣಾರೆ ನೋಡಿದ್ದೇನೆ. ಸೊಂಡಿಲು ಹಳಿ ಮೇಲಿತ್ತು. ಅದನ್ನು ನೋಡಿದವರು ಈ ಲೈನು ಕೇಳಲ್ಲ.

ಚಾನಗರ ಎಕ್ಸ್‌ಪ್ರೆಸ್
ಸುರಂಗ ಮಾಡಬಹುದಲ್ವಾ? ನಮಗೂ ಬದುಕು ಇದೆ. ಆದರೆ ನೀವು ಹೇಳಿದ್ದು ಓದಿ ಸಂಕಟ ಆಯಿತು, ಇಲ್ಲಿ ಜಗಳ ಮಾಡಲ್ಲ.

ಜೆಎಲ್‌ಬಿ ರಸ್ತೆ
ಅಮ್ಮ ಬಂದರು. ಕೇಳಿದೆ. ಟಿಕೆಟ್ ಕೈಗೆ ಕೊಟ್ಟ ತಕ್ಷಣ ಸುಮ್ಮನಾಗಿಬಿಟ್ಟರು. ಆಮೇಲೆ "ಇದು ನನ್ನದು" ಅಂದರು.

ಮದುವೆಯಾಗಿ ಒಂದು ವರ್ಷ ಆಗಿತ್ತಂತೆ. ಅಮ್ಮನ ತವರು ನಂಜನಗೂಡು. ಒಂದು ದಿನ ಬೆಳಿಗ್ಗೆ ಇಬ್ಬರಿಗೂ ಜೋರು ಜಗಳ, ಪ್ರೆಶರ್ ಕುಕ್ಕರ್ ತರುವ ವಿಷಯಕ್ಕೆ. ಅಜ್ಜಿಗೆ ಕುಕ್ಕರ್ ಅಂದರೆ ಹೆದರಿಕೆ, ಅಪ್ಪ ಅಜ್ಜಿ ಪರ ಮಾತಾಡಿದರಂತೆ. ಅಪ್ಪ ಕೆಲಸಕ್ಕೆ ಹೋದರು. ಅಮ್ಮ ಇಡೀ ದಿನ ಯೋಚನೆ ಮಾಡಿ, ಸಂಜೆ ಒಂದು ಚೀಲಕ್ಕೆ ಎರಡು ಸೀರೆ ಹಾಕಿಕೊಂಡು ಸ್ಟೇಷನ್ನಿಗೆ ಹೋಗಿ ನಂಜನಗೂಡಿಗೆ ಟಿಕೆಟ್ ತಗೊಂಡು ಬೆಂಚಿನ ಮೇಲೆ ಕೂತರು. ಯಾರಿಗೂ ಹೇಳಲಿಲ್ಲ. ಆದರೆ ಅವರು ಹತ್ತಬೇಕಾದ ಗಾಡಿಗಿಂತ ಮೊದಲು ನಂಜನಗೂಡಿನಿಂದ ಬರುವ ಗಾಡಿ ಬಂತು. ಅದರಿಂದ ಅಪ್ಪ ಇಳಿದರು!

ನಾನು "ಅಪ್ಪ ಏನಂದರು?" ಅಂದೆ. "ಏನೂ ಅನ್ನಲಿಲ್ಲ. ಚೀಲ ನೋಡಿದರು. ಟಿಕೆಟ್ ಕೊಡು ಅಂದರು. ಕೊಟ್ಟೆ. ಷರ್ಟಿನ ಜೇಬಿಗೆ ಹಾಕಿಕೊಂಡು ಚೀಲ ಎತ್ತಿಕೊಂಡರು. ದಾರಿಯಲ್ಲಿ ಅರ್ಧ ಕೆಜಿ ಬೆಂಡೆಕಾಯಿ ತಗೊಂಡೆವು." ಅಷ್ಟೇ ಹೇಳಿದ್ದು. ಆ ಟಿಕೆಟ್ ಅವರು ಇಟ್ಟುಕೊಂಡಿದ್ದರು ಅಂತ ಅಮ್ಮನಿಗೆ ಇವತ್ತಿನ ತನಕ ಗೊತ್ತಿರಲಿಲ್ಲ.

ನಿಮ್ಮೆಲ್ಲರಿಗೂ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಪಾಸಿನ ಮಾತು ನೀವು ಎತ್ತದೇ ಇದ್ದಿದ್ದರೆ ನಾನು ಅಮ್ಮನನ್ನು ಕೇಳುತ್ತಲೇ ಇರಲಿಲ್ಲ.

ಫ್ರೀಮಾಂಟ್ ಮೈಸೂರಿಗ
ಅಕ್ಕ, ಇಲ್ಲಿ ಒಬ್ಬನೇ ಕೂತು ಅಳುತ್ತಿದ್ದೇನೆ.

ನಂಜನಗೂಡು ಕಪಿಲೆ
ನಮ್ಮ ಊರಿನ ಮಗಳು ಅಂತ ಗೊತ್ತಾಗಿ ಇನ್ನೂ ಸಂತೋಷ ಆಯಿತು. ಅಮ್ಮನವರಿಗೆ ನಮಸ್ಕಾರ ತಿಳಿಸಿ.

ಒಂಟಿಕೊಪ್ಪಲ್
ಒಂದು ಅರ್ಥ ಆಗಲಿಲ್ಲ. ಆ ಗಾಡಿ ಮೊದಲು ಬಂದಿದ್ದು ಆಕಸ್ಮಿಕವಾ?

ನಿವೃತ್ತ ಗಾರ್ಡ್
ಆಕಸ್ಮಿಕ ಅಲ್ಲ ಸರ್. ಒಂಟಿ ಹಳಿಯಲ್ಲಿ ಎರಡು ಗಾಡಿ ಎದುರುಬದುರು ಬರುವ ಹಾಗಿಲ್ಲ. ಟೋಕನ್ ಅಂತ ಒಂದು ಕಬ್ಬಿಣದ ಚೆಂಡು, ಅದನ್ನು ಚೀಲದಲ್ಲಿ ಹಾಕಿ ದೊಡ್ಡ ಬಳೆಗೆ ಕಟ್ಟಿ ಡ್ರೈವರ್ ಕೈಗೆ ಕೊಡುತ್ತಿದ್ದರು. ಅದು ಕೈಯಲ್ಲಿ ಇದ್ದವನಿಗೆ ಮಾತ್ರ ಮುಂದಿನ ಸ್ಟೇಷನ್ ತನಕ ಹಳಿ. ಹೀಗಾಗಿ ಸಂಜೆ ಮೈಸೂರಿಗೆ ಬರುವ ಗಾಡಿ ಬಂದು ಮುಟ್ಟಿದ ಮೇಲೆಯೇ ಅಲ್ಲಿಂದ ನಂಜನಗೂಡು ಗಾಡಿ ಹೊರಡಬೇಕು. ಎಷ್ಟೋ ಸಲ ಅದೇ ಬೋಗಿಗಳು, ಇಂಜಿನ್ ಮಾತ್ರ ಈ ಕಡೆಯಿಂದ ಆ ಕಡೆಗೆ. ನಿಮ್ಮ ತಾಯಿಯವರು ಬೆಂಚಿನ ಮೇಲೆ ಕಾಯುತ್ತಿದ್ದದ್ದು ನಿಮ್ಮ ತಂದೆ ಕೂತು ಬರುತ್ತಿದ್ದ ಗಾಡಿಗೇ ಇರಬಹುದು ಮೇಡಂ.

ಜೆಎಲ್‌ಬಿ ರಸ್ತೆ
ಸರ್, ಇದನ್ನು ಅಮ್ಮನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು.

ಅಶೋಕಪುರಂ ಮನೆ
ಆ ಟಿಕೆಟ್ ಲ್ಯಾಮಿನೇಷನ್ ಮಾಡಿಸಿಬಿಡಿ ಅಕ್ಕ, ಹಾಳಾಗಲ್ಲ.

ನಿವೃತ್ತ ಗಾರ್ಡ್
ದಯವಿಟ್ಟು ಮಾಡಿಸಬೇಡಿ! ಬಿಸಿಗೆ ಶಾಯಿ ಕೆಡುತ್ತೆ, ರಟ್ಟು ಉಬ್ಬುತ್ತೆ, ಆಮೇಲೆ ಬಿಡಿಸಕ್ಕೂ ಆಗಲ್ಲ. ಬಿಳಿ ಕಾಗದದಲ್ಲಿ ಸುತ್ತಿ, ತೇವ ಇಲ್ಲದ ಡಬ್ಬಿಯಲ್ಲಿಡಿ. ಬಿಸಿಲಿಗೆ ತೋರಿಸಬೇಡಿ.

ಅಶೋಕಪುರಂ ಮನೆ
ಸರಿ ಸರ್, ಗೊತ್ತಿರಲಿಲ್ಲ. ನಮ್ಮ ತಾತನ ವರ್ಕ್‌ಶಾಪ್ ಗುರುತಿನ ಚೀಟಿ ಮಾಡಿಸಿಬಿಟ್ಟಿದ್ದೇನೆ.

ದಿನಾ ಪಾಸು
ಅಕ್ಕ, ಕುಕ್ಕರ್ ಬಂತಾ ಕೊನೆಗೆ?

ಜೆಎಲ್‌ಬಿ ರಸ್ತೆ
ಬಂತು, ದೀಪಾವಳಿಗೆ. ಈಗಲೂ ಇದೆ, ಗ್ಯಾಸ್ಕೆಟ್ ಮಾತ್ರ ಬದಲಾಗಿದೆ. ಮುಂದಿನ ಭಾನುವಾರ ಅಮ್ಮ, ನಾನು, ಮಗಳು ಚಾಮರಾಜಪುರಂನಿಂದ ನಂಜನಗೂಡಿಗೆ ಹೋಗುತ್ತಿದ್ದೇವೆ. ದಿನಾ ಪಾಸು ಅಣ್ಣ, ನಿಮ್ಮ ಮನವಿಗೆ ನಮ್ಮ ಮೂರು ಜನರ ಸಹಿ ಬರೆದುಕೊಳ್ಳಿ. ಅಮ್ಮ ಕೇಳುತ್ತಿದ್ದಾರೆ, ಆ ಬೆಂಚು ಇನ್ನೂ ಇದೆಯಾ ಅಂತ.

ದಿನಾ ಪಾಸು
ನಾಳೆ ಬೆಳಿಗ್ಗೆ ವಾಕಿಂಗ್ ಆ ಕಡೆಯೇ ಹೋಗುತ್ತೇನೆ. ನೋಡಿ ಹೇಳುತ್ತೇನೆ.